ಇಂದಿರಾಳ ಮೂರು ವರ್ಷಗಳು

ಕಳೆದುಹೋದ ವರ್ಷಗಳನ್ನು ಹಣ ತೆತ್ತು ಕೊಳ್ಳಬಹುದೆಂಬ ಸಂಗತಿ ನನಗೆ ತಿಳಿದದ್ದು ಕೆನಡಾದ ವಿಟ್ಬಿಯಲ್ಲಿರುವ ಮಗಳ ಮನೆಯ ಅಡುಗೆಕೋಣೆಯಲ್ಲಿ, ಹಿಮ ಬೀಳುತ್ತಿದ್ದ ಒಂದು ಬೆಳಿಗ್ಗೆ. ಮೇಜಿನ ಮೇಲಿದ್ದ ಫೋನಿನೊಳಗಿಂದ ಇಂಗ್ಲೆಂಡಿನ ಕಚೇರಿಯ ಹೆಣ್ಣುಮಗಳೊಬ್ಬಳು, ಅಂಗಡಿಯಲ್ಲಿ ಸೀರೆ ತೋರಿಸುವಷ್ಟು ಸಹಜವಾಗಿ, ಯಾವ ಯಾವ ವರ್ಷ ಬೇಕೆಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಬೆರಗಾದೆ. ಪಂಚಾಂಗ ನೋಡಿ ಬದುಕಿದವನು ನಾನು. ಸಂದ ಕಾಲ ಮರಳಿ ಬರುವುದಿಲ್ಲವೆಂದು ಧಾರವಾಡದ ಪಾಠಶಾಲೆಯಲ್ಲಿ ಕಲಿತವನು. ಪಕ್ಕದಲ್ಲಿ ನನ್ನ ಧರ್ಮಪತ್ನಿ ಇಂದಿರಾ ಕಣಕದ ಹಿಟ್ಟು ಮೆತ್ತಿದ ಕೈಯನ್ನು ಹಾಗೆಯೇ ಎತ್ತಿ ಹಿಡಿದು ನಿಂತಿದ್ದಳು.

ಇಂಗ್ಲೆಂಡಿನ ಸರ್ಕಾರವು ವಂತಿಗೆ ಕಟ್ಟಿ ದುಡಿದ ವರ್ಷಗಳನ್ನು ಎಣಿಸಿ ವೃದ್ಧರಿಗೆ ಪಿಂಚಣಿ ಕೊಡುತ್ತದೆ. ಕನಿಷ್ಠ ಹತ್ತು ವರ್ಷವಿರಬೇಕು. ಇಲ್ಲವಾದರೆ ಏನೂ ಇಲ್ಲ. ಇಂದಿರಾಳ ಹೆಸರಿನಲ್ಲಿದ್ದುದು ಏಳು. ಉಳಿದ ಮೂರಕ್ಕೆ ಈಗ ವಂತಿಗೆ ಕಟ್ಟಿದರೆ ಅವಳು ಬದುಕಿರುವ ತನಕ ಪಿಂಚಣಿ ಬರುತ್ತದೆ. ಆದರೆ ಅಷ್ಟು ಹಳೆಯ ವರ್ಷಗಳನ್ನು ಕೊಳ್ಳುವ ಅವಕಾಶ ಏಪ್ರಿಲ್ ಮೊದಲ ವಾರಕ್ಕೆ ಮುಗಿಯುತ್ತಿತ್ತು.

ಏಳಕ್ಕೇ ಏಕೆ ನಿಂತಿತೆಂಬುದನ್ನು ಹೇಳಲೇಬೇಕು. ಲೆಸ್ಟರ್ ನಗರದ ದೇವಸ್ಥಾನವೊಂದಕ್ಕೆ ನಾನು ಅರ್ಚಕನಾಗಿ ಹೋಗಿದ್ದೆ. ಇಂದಿರಾ ಹತ್ತಿರದ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಬೇಯಿಸಿದ ಅನ್ನವನ್ನು ಮಾರುವುದು, ಅಂದರೆ ಅನ್ನವಿಕ್ರಯ, ದೋಷವೆಂದು ಓದಿದವನು ನಾನು. ಅರ್ಚಕನ ಮನೆಯವಳು ಕೂಲಿಗೆ ಬೇಯಿಸುವುದೇ ಎಂದು ಏಳು ವರ್ಷದ ಮೇಲೆ ಆ ಕೆಲಸವನ್ನು ಬಿಡಿಸಿದೆ. ಆಮೇಲೆ ಅವಳು ದೇವಸ್ಥಾನದ ಪಾಕಶಾಲೆಯಲ್ಲಿ ನೈವೇದ್ಯಕ್ಕೆ ಬೇಯಿಸಿದಳು, ಬೆಳಗಿನ ಅಭಿಷೇಕದಿಂದ ರಾತ್ರಿಯ ಮಂಗಳಾರತಿಯವರೆಗೆ. ಸಂಬಳವಿರಲಿಲ್ಲ, ಆದ್ದರಿಂದ ವಂತಿಗೆಯೂ ಇರಲಿಲ್ಲ. ಆ ವರ್ಷಗಳನ್ನು ಫೋನಿನ ಹೆಣ್ಣುಮಗಳು ‘ಗ್ಯಾಪ್’ ಎಂದು ಕರೆದಳು. ಗ್ಯಾಪ್ ಎಂದರೆ ಖಾಲಿ ಜಾಗ. ಪಂಕ್ತಿ ಪಂಕ್ತಿಯಾಗಿ ಜನ ಉಂಡೆದ್ದ ವರ್ಷಗಳು ಅಲ್ಲಿ ಖಾಲಿ.

ಲೆಸ್ಟರಿನಲ್ಲಿ ಮಳೆ ಹಿಡಿದರೂ ಕೊಡೆ ಬಿಚ್ಚಿ ನಡೆದು ಹೋದರೆ ಕೊತ್ತಂಬರಿ ಸಿಗುತ್ತಿತ್ತು. ಅಂಗಡಿಯವನೊಡನೆ ಎರಡು ಮಾತೂ ಆಗುತ್ತಿತ್ತು. ನನಗೆ ನಿವೃತ್ತಿಯಾದ ಮೇಲೆ, ವಿಟ್ಬಿಯ ಪಕ್ಕದ ಊರಾದ ಒಶಾವಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮಗಳು ವಿದ್ಯಾ ನಮ್ಮನ್ನು ಇಲ್ಲಿಗೆ ಕರೆಸಿಕೊಂಡಳು. ಇಲ್ಲಿ ಮನೆಗಳು ದೊಡ್ಡವು, ಬೀದಿಗಳು ನಿರ್ಜನ. ಕಾರಿಲ್ಲದೆ ಯಾವುದೂ ಹತ್ತಿರವಲ್ಲ. ನೆಲದೊಳಗಿನ ಕೋಣೆಯಾದ ಬೇಸ್‌ಮೆಂಟಿನಲ್ಲಿ ನಮ್ಮ ವಾಸ. ಕಿಟಕಿಯಿಂದ ಕಾಣುವುದು ಹಿಮದ ಬುಡ ಮಾತ್ರ. ನನಗಾದರೋ ಅಲ್ಪಸ್ವಲ್ಪ ಪಿಂಚಣಿ ಬರುತ್ತದೆ. ಇಂದಿರಾ ಬಸ್ಸಿನ ಕಾರ್ಡಿಗೂ ಮಗಳನ್ನೇ ಕೇಳಬೇಕು. ಕೇಳುವ ಮುನ್ನ ಅವಳು ಸೆರಗು ಸರಿಪಡಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೆ, ನೋಡಿ ಸುಮ್ಮನಿದ್ದೆ.

ಎಲ್ಲಿದ್ದರೂ ನಾನು ಬದಲಾಯಿಸದೆ ಉಳಿಸಿಕೊಂಡದ್ದು ಒಂದು. ಪ್ರತಿದಿನ ಪೂಜೆಯ ಮೊದಲು ಸಂಕಲ್ಪದಲ್ಲಿ ನಾವಿರುವ ದೇಶ ಕಾಲಗಳನ್ನು ದೇವರಿಗೆ ನಿವೇದಿಸಬೇಕು. ಇಲ್ಲಿಯ ಪುರೋಹಿತರು ಈ ಭೂಭಾಗವನ್ನು ಕ್ರೌಂಚದ್ವೀಪವೆನ್ನುತ್ತಾರೆ. ನಾನು ಮಾತ್ರ ಲೆಸ್ಟರಿನಲ್ಲಿಯೂ ವಿಟ್ಬಿಯಲ್ಲಿಯೂ, ಧಾರವಾಡ ಬಿಟ್ಟೇ ಇಲ್ಲವೆಂಬಂತೆ, ಜಂಬೂದ್ವೀಪ, ಭರತವರ್ಷ ಎಂದೇ ಹೇಳುತ್ತ ಬಂದೆ.

ಫೋನ್ ಇಟ್ಟೊಡನೆ ವಿದ್ಯಾ ಅಂದಳು: “ಅಪ್ಪಾ, ಈ ವಾರನ ಕಟ್ಟಿಬಿಡೋಣು. ಡೆಡ್‌ಲೈನ್ ಹತ್ರ ಬಂದ್ರ ಅವರ ಲೈನೇ ಸಿಗೂದಿಲ್ಲ.”

“ಅಮಾವಾಸ್ಯಿ ದಾಟಲಿ. ಮ್ಯಾಲೆ ಗ್ರಹಣಾನೂ ಅದ. ಯುಗಾದಿ ದಿನಾ ನಾನ ಕಟ್ತೀನಿ. ವರ್ಷಾ ಕೊಳ್ಳೂದಂದ್ರ ವರ್ಷದ ಮೊದಲನೇ ದಿನಾನ ಕೊಳ್ಳಬೇಕು.”

“ಪಿಂಚಣಿ ಆಫೀಸಿನವರು ಪಂಚಾಂಗ ನೋಡೂದಿಲ್ಲಪ್ಪಾ!”

ಇಂದಿರಾ ಕಣಕಕ್ಕೆ ಎಣ್ಣೆ ಬಿಟ್ಟು ಮತ್ತೆ ನಾದತೊಡಗಿದಳು.

ಯುಗಾದಿ ಬಂತು. ಬೇವು ಬೆಲ್ಲ ಸ್ವೀಕರಿಸಿ, ಉತ್ತರೀಯ ಹೊದ್ದು, ವಿದ್ಯಾಳಿಗೆ ಲ್ಯಾಪ್‌ಟಾಪು ತರಲು ಹೇಳಿದೆ. ಅವಳು ತಾಯಿಯ ಮುಖ ನೋಡಿದಳು.

“ಕಟ್ಟಿ ಹದಿನೈದು ದಿನಾ ಆತ್ರಿ,” ಎಂದಳು ಇಂದಿರಾ.

“ಕಟ್ಟಿ? ಯಾವಾಗ?”

“ಮಂಗಳವಾರ ಮಧ್ಯಾಹ್ನ, ನೀವು ಮಲಗಿದಾಗ. ರಾಹುಕಾಲನ ಇತ್ತು, ನೀವು ಕೇಳೂಕಿಂತ ಮೊದಲ ನಾನ ಹೇಳಿಬಿಡ್ತೀನಿ.”

ಮೊಮ್ಮಗಳು ಅನಘಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಅಜ್ಜೀ, ಯು ಆರ್ ಸೋ ಬ್ಯಾಡ್!”

“ರೊಕ್ಕಾ ಎಲ್ಲಿದು?” ಎಂದೆ.

“ಹೋಳಿಗೀದು. ವಾರಾ ವಾರಾ ಡಬ್ಬಿ ಒಯ್ತಿದ್ರಲ್ಲ ಮಂದಿ. ಲಕೋಟಿ ಇಟ್ಟು ಹೋಗ್ತಾರ, ಎಂಥಾ ಭಕ್ತಿ ನೋಡು ಅಂತಿದ್ರಲ್ಲ ನೀವು. ಅದು ದಕ್ಷಿಣಿ ಅಲ್ರಿ, ಆರ್ಡರ್.”

ಒಂದು ಶಬ್ದ ನನ್ನ ಗಂಟಲಿನವರೆಗೆ ಬಂತು. ಅವಳಿಗೆ ತಿಳಿಯಿತು.

“ಅಂದುಬಿಡ್ರಿ. ಅನ್ನವಿಕ್ರಯ. ನನಗೂ ಬಾಯಿಪಾಠ ಆಗೇದ. ದೇವರಿಗೆ ಬೇಯಿಸಿದ ವರ್ಷಾ ಲೆಕ್ಕಕ್ಕಿಲ್ಲ ಅಂದ್ರು. ಹೋಳಿಗಿ ಮಾರಿ ಅವನ್ನ ವಾಪಸ್ ತಗೊಂಡೀನಿ.” ಬೇವು ಬೆಲ್ಲದ ಬಟ್ಟಲು ಎತ್ತಿಡುತ್ತ, “ನಿಮಗ ಹೇಳಿದ್ರ ನೀವು ಬ್ಯಾಡ ಅಂತಿದ್ರಿ. ಅದಕ್ಕ ಕೇಳಲಿಲ್ಲ,” ಎಂದಳು.

ಮೊದಲು ನನಗಾದದ್ದು ಸಮಾಧಾನ. ಅದರ ಬೆನ್ನಿಗೇ ನಾಚಿಕೆ. ಅವಳು ಮುಚ್ಚಿಟ್ಟಳೆಂದು ನೋವಾಗಲಿಲ್ಲ. ಮುಚ್ಚಿಡದೆ ಬೇರೆ ದಾರಿ ಕಾಣದಂಥ ಗಂಡನಾಗಿದ್ದೆನಲ್ಲ ಎಂದು ಆಯಿತು. ಅದಕ್ಕಿಂತ ಚುಚ್ಚಿದ್ದು ಇನ್ನೊಂದು ಯೋಚನೆ. ಒಂದೇ ದೇವರ ಮುಂದೆ ನಾನು ಮಂತ್ರ ಹೇಳಿದೆ, ಅವಳು ಅನ್ನ ಬೇಯಿಸಿದಳು. ನಾನು ತಿಂಗಳು ತಿಂಗಳು ಸಂಬಳ ಪಡೆದೆ. ಅದನ್ನು ವಿಕ್ರಯವೆಂದು ಒಂದು ದಿನವೂ ಕರೆಯಲಿಲ್ಲ.

ಹಬ್ಬದ ಡಬ್ಬಿಗಳು ಒಶಾವಾಕ್ಕೆ ಹೋಗಬೇಕಿತ್ತು. ನಾನೂ ಬರುತ್ತೇನೆಂದೆ. ಇಂದಿರಾ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಮಡಿ ಪಂಚಿ ಮ್ಯಾಲೆ ಕೋಟು ಹಾಕ್ಕೋರಿ, ಥಂಡಿ ಅದ,” ಎಂದಷ್ಟೇ ಹೇಳಿದಳು. ವಿದ್ಯಾ ಕಾರು ನಡೆಸಿದಳು. ಬಿಸಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕುಳಿತೆ. ಬೆಳಗಾವಿ ಕಡೆಯ ಗೃಹಸ್ಥರೊಬ್ಬರು ಬಾಗಿಲು ತೆರೆದವರೇ ಗಾಬರಿಯಾದರು.

“ಏನ್ರಿ ಆಚಾರ್ರ! ಇಂದಿರಾ ವೈನಿ ಡೆಲಿವರಿ ಕೆಲಸಾ ನಿಮಗ ಹಚ್ಯಾರೇನು?”

“ಹೌದ್ರಿ,” ಎಂದೆ. “ಇವತ್ತಿಂದ.”

ಅವರು ನಗುತ್ತ ಲಕೋಟೆ ಚಾಚಿದರು. ಎಷ್ಟೋ ಮದುವೆ, ಮುಂಜಿಗಳಲ್ಲಿ ಅಂಥ ಲಕೋಟೆಗಳನ್ನು ಅಂಗೈ ಚಾಚಿ, ಆಶೀರ್ವದಿಸಿ ಪಡೆದ ಕೈ ಇದು. ಆ ದಿನ ಎರಡೂ ಕೈಯಿಂದ ತೆಗೆದುಕೊಂಡೆ. ಆಶೀರ್ವಾದದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮನೆಗೆ ಬಂದು ಇಂದಿರಾಳ ಕೈಗಿತ್ತೆ. ಅವಳು ತೆರೆದು ನೋಡದೆ ಸಾಸಿವೆ ಡಬ್ಬಿಯ ಹಿಂದೆ ಇಟ್ಟಳು.

ಈಗ ಅವಳ ಪಿಂಚಣಿ ಬರುತ್ತಿದೆ. ದೊಡ್ಡ ಮೊತ್ತವೇನಲ್ಲ. ಇಂಗ್ಲೆಂಡಿನಲ್ಲೇ ಇದ್ದಿದ್ದರೆ ವರ್ಷ ವರ್ಷ ಹೆಚ್ಚುತ್ತಿತ್ತು; ಕೆನಡಾದಲ್ಲಿ ಇರುವವರಿಗೆ ಹೆಚ್ಚುವುದಿಲ್ಲವಂತೆ. ಅವಳಿಗೆ ಅದರ ಚಿಂತೆಯಿಲ್ಲ. ಮೊದಲ ತಿಂಗಳೇ ಬಸ್ಸಿನ ಕಾರ್ಡು ಮಾಡಿಸಿಕೊಂಡಳು. ಅನಘಾಳೊಡನೆ ರೈಲು ಹಿಡಿದು ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಗೆ ಹೋಗಿ, ತನ್ನ ದುಡ್ಡಿನಲ್ಲಿ ಇಬ್ಬರಿಗೂ ಚಹಾ ಕೊಂಡು ಬಂದಳು. ಆ ನೀರನ್ನು ನಾನು ಇನ್ನೂ ನೋಡಿಲ್ಲ.

ನಾನು ಬೆಳಿಗ್ಗೆ ಸಂಕಲ್ಪಕ್ಕೆ ಕೂರುತ್ತೇನೆ. ಮೇಲಿನ ಅಡುಗೆಕೋಣೆಯಿಂದ ಹೂರಣದ ವಾಸನೆ ಇಳಿದು ಬರುತ್ತದೆ. ಅವಳ ಹೆಜ್ಜೆಯ ಸಪ್ಪಳವೂ ಕೇಳುತ್ತದೆ. ಅವಳು ಈ ಊರಿಗೆ ಬಂದು ನೆಲೆಸಿಯಾಯಿತು. ನನಗೆ ಕ್ರೌಂಚದ್ವೀಪವೆನ್ನಲು ಬಾಯಿ ಬಾರದು, ಭರತವರ್ಷವೆಂದು ಗಟ್ಟಿಯಾಗಿ ಹೇಳಲು ಮುಖವಿಲ್ಲ. ದೇಶದ ಹೆಸರು ಬರುವಲ್ಲಿ ದನಿ ತಗ್ಗಿಸಿ, ನನ್ನ ಕಿವಿಗೂ ಬೀಳದಷ್ಟು ಮೆಲ್ಲಗೆ ಹೇಳಿ ಮುಂದೆ ಸಾಗುತ್ತೇನೆ.