ಹೋಂಸ್ಟೇ ಪಕ್ಕದ ಮನೆಯ ಟವೆಲ್

ಹೋದ ಶನಿವಾರ ಮಧ್ಯಾಹ್ನ ನಾನೊಂದು ಟವೆಲ್ ಎತ್ತಿ, ನೀಟಾಗಿ ಮಡಚಿ, ಕಿಟಕಿಯ ಕಟ್ಟೆ ಮೇಲಿಟ್ಟೆ. ನಾನು ಮಾಡಿದ್ದು ಅಷ್ಟೇ. ಭಾನುವಾರ ಬೆಳಿಗ್ಗೆ ಅದೇ ಟವೆಲ್ ಒಂದು ಮೀಟಿಂಗ್‌ಗೆ ಬಂತು. ನನ್ನ ಮೇಲೆ ದೂರು ಹೇಳಲು!

ನಗಬೇಡಿ. ವಿಷಯ ಸೀರಿಯಸ್ಸು. (ಮೊದಲು ನಾನೂ ನಕ್ಕಿದ್ದೆ.)

ನಾವು ಕಾಲೇಜಿನ ಗೆಳತಿಯರು ನಾಲ್ವರು ವರ್ಷಕ್ಕೊಮ್ಮೆ ಎಲ್ಲಾದರೂ ಸೇರುತ್ತೇವೆ. ಗಂಡ, ಮಕ್ಕಳು, ಅಡುಗೆ ಮನೆ ಯಾವುದೂ ಜೊತೆಗಿಲ್ಲ. ಈ ಸಲ ಗೀತಾ ಫೋನಿನಲ್ಲಿ ತಡಕಾಡಿ, ಕೆಜಿಎಫ್‌ನಲ್ಲೇ ಒಂದು ಹೋಂಸ್ಟೇ ಬುಕ್ ಮಾಡಿದಳು. 'ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಒಂದು ದಿನ' ಅಂತ ಅದರ ಹೆಸರು. ಫೋಟೋ ಕಳಿಸಿದಳು. ಹಸಿರು ಬಾಗಿಲು, ಕಲ್ಲಿನ ಜಗಲಿ, ಜಗಲಿಯ ಮೂಲೆಯಲ್ಲೊಂದು ಬಿರುಕು.

ಆ ಬಿರುಕು ನನಗೆ ಗೊತ್ತು! ಅದರೊಳಗೆ ನನ್ನ ಪೆನ್ನಿನ ಕ್ಯಾಪ್ ಬಿದ್ದಿದೆ. ಡಿಗ್ರಿ ಎರಡನೇ ವರ್ಷದಲ್ಲಿ ಬಿದ್ದದ್ದು. ಇನ್ನೂ ಅಲ್ಲೇ ಇರಬೇಕು.

ಅದು ರಾಜಮ್ಮಕ್ಕನ ಮನೆ. ಪಕ್ಕದ್ದು ನಮ್ಮ ಸೋದರತ್ತೆಯ ಮನೆಯಾಗಿತ್ತು. ನಮ್ಮೂರು ಬೇತಮಂಗಲದ ಆಚೆಗೊಂದು ಹಳ್ಳಿ. ಅಪ್ಪ ಕಂಡವರ ಹೊಲದಲ್ಲಿ ಕೂಲಿ. ಅವರು ಸಹಿ ಹಾಕುವುದನ್ನು ಕಲಿತದ್ದೇ ನನ್ನ ಕಾಲೇಜಿನ ಫಾರಂಗಾಗಿ. ಊರಿಂದ ಓಡಾಡಿ ಓದಲು ಬಸ್ಸಿನ ಟೈಮು ಹೊಂದುತ್ತಿರಲಿಲ್ಲ. ಅತ್ತೆ ಬಂದು, "ಉಡುಗೀನ ನನ್ ಜತೆ ಕಳ್ಸಣ್ಣ, ನಮ್ ಲೈನಿಂದ ಕಾಲೇಜ್‌ಗೆ ನಡ್ಕೊಂಡೇ ಓಗ್‌ಬೋದು" ಅಂದರು. ಮೂರು ವರ್ಷ ಅಲ್ಲೇ ಇದ್ದೆ. ನಮ್ಮ ಇಡೀ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಜಂಭ ಅನ್ನುತ್ತೀರಾ? ಅನ್ನಿ. ಇಷ್ಟು ಕಷ್ಟಪಟ್ಟದ್ದಕ್ಕೆ ಒಂಚೂರು ಜಂಭ ಇಟ್ಟುಕೊಳ್ಳುತ್ತೇನೆ.

ರಾಜಮ್ಮಕ್ಕನಿಗೆ ಫೋನ್ ಮಾಡಿ, ಬರುತ್ತಿರುವುದು ನಾನೇ ಅಂದೆ.

"ಏನೇ, ದುಡ್ ಕೊಟ್ಟು ನಮ್ಮನೇಗ್ ಬತ್ತೀಯಾ? ಓದಿ ಓದಿ ತಲೆ ಕೆಟ್ಟೋಯ್ತಾ?" ಅಂತ ಬೈದರು. ಆಮೇಲೆ ದನಿ ತಗ್ಗಿಸಿದರು. "ಬಾ ಮಾರಾಯ್ತಿ, ದೇವ್ರೇ ಕಳ್ಸವ್ನೆ. ಭಾನ್ವಾರ ಮೀಟಿಂಗ್ ಐತೆ. ಲೈನ್‌ಗಳಾಗೆ ಓಂಸ್ಟೇ ಬ್ಯಾಡ, ಎಲ್ಲಾ ಮುಚ್ಸಿ ಅಂತಾವ್ರೆ. ನೀನು ಡಿಗ್ರಿ ಓದ್ದೋಳು. ನನ್ ಪರವಾಗಿ ನಾಕ್ ಮಾತಾಡ್ಬುಡು."

ಇತ್ತೀಚೆಗೆ ನಮ್ಮ ಕೆಜಿಎಫ್ ಹೆಸರು ಎಲ್ಲರ ಬಾಯಲ್ಲೂ ಇದೆ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ವೀಕೆಂಡ್ ಬಂದರೆ ಕಾರುಗಳು. ಗಣಿಯ ಮಣ್ಣು ಸುರಿದು ಎದ್ದ ಬೂದಿ ಬಣ್ಣದ ಸೈನೈಡ್ ಗುಡ್ಡದ ಮುಂದೆ ಸೆಲ್ಫಿ. ಉಳಿಯಲು ಜಾಗ ಬೇಕಲ್ಲ? ಲೈನ್ ಮನೆಗಳವರು ಮುಂದಿನ ಕೋಣೆಗೆ ಸುಣ್ಣ ಬಳಿದು ಬಾಡಿಗೆಗೆ ಕೊಡತೊಡಗಿದರು. ಕೆಲವು ಕಡೆ ಬಾಟಲಿ, ಕೂಗಾಟ. ಅಕ್ಕಪಕ್ಕದವರು ರೊಚ್ಚಿಗೆದ್ದಿದ್ದರು. ರಾಜಮ್ಮಕ್ಕನ ಮನೆಯ ಮೇಲೆ ಅಂಥ ದೂರಿರಲಿಲ್ಲ. ಆದರೆ ಮುಚ್ಚಿಸಿದರೆ ಎಲ್ಲರ ಜೊತೆ ಅವರದ್ದೂ ಹೋಗುತ್ತಿತ್ತು. ಅವರ ಮನೆ ನಡೆಯುತ್ತಿದ್ದದ್ದೇ ಆ ಒಂದು ಕೋಣೆಯಿಂದ.

ಈಗ ಟವೆಲ್‌ಗೆ ಬರುತ್ತೇನೆ.

ಲೈನ್ ಅಂದರೆ ಗೊತ್ತಲ್ಲ? ಸಾಲು ಮನೆಗಳು. ಎರಡು ಮನೆಗೆ ಒಂದೇ ಗೋಡೆ. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲೊಂದು ಪದ್ಧತಿ ಇತ್ತಂತೆ. ರಾತ್ರಿ ಶಿಫ್ಟ್ ಮುಗಿಸಿ ಬಂದವನು ಸ್ನಾನ ಮಾಡಿ, ಟವೆಲ್ಲನ್ನು ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿ ಮಲಗುತ್ತಿದ್ದ. ಮೊಳೆಯಲ್ಲಿ ಟವೆಲ್ ಇದ್ದರೆ ಒಳಗೊಬ್ಬ ನಿದ್ದೆ ಮಾಡುತ್ತಿದ್ದಾನೆ ಅಂತ ಅರ್ಥ. ಮಕ್ಕಳು ಗೋಲಿ ಎತ್ತಿಕೊಂಡು ಪಕ್ಕದ ಲೈನಿಗೆ ಹೋಗಬೇಕು. ಸೊಪ್ಪಿನವನು ಕೂಗದೆ ಮನೆ ಮನೆ ಮುಂದೆ ನಿಂತು ಕೆಮ್ಮಬೇಕು. ಕೊಳಾಯಿ ಹತ್ತಿರ ಜಗಳ ಬಂದರೆ? ಜಗಳ ಆಡಬಹುದು. ಪಿಸುಮಾತಲ್ಲಿ!

ನಾನು ಅಲ್ಲಿಗೆ ಹೋಗುವ ಹೊತ್ತಿಗೆ ಗಣಿ ಮುಚ್ಚಿತ್ತು. ಶಿಫ್ಟಿಲ್ಲ, ಸೈರನ್ ಇಲ್ಲ. ಮೊಳೆಗಳು ಖಾಲಿ. ಗಂಡಸರು ಕೆಲಸ ಹುಡುಕಿಕೊಂಡು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗುತ್ತಿದ್ದರು. ಉಳಿದವರು ಜಗಲಿಯ ಮೇಲೆ ಕೂತು ಜೋರಾಗಿ ಮಾತಾಡುತ್ತಿದ್ದರು. ಅಷ್ಟು ವರ್ಷ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದ ಹಾಗೆ ಮಾತು. ಆ ಗದ್ದಲದಲ್ಲಿ ಓದುವುದು ಹೇಗೆ? ಫೈನಲ್ ಪರೀಕ್ಷೆಗೆ ಎರಡು ವಾರ ಇತ್ತು. ನಾನು ಒಂದು ಮಧ್ಯಾಹ್ನ ಪುಸ್ತಕ ಎಸೆದು ಅತ್ತುಬಿಟ್ಟೆ.

ಗೋಡೆಯಾಚೆ ರಾಜಮ್ಮಕ್ಕನಿಗೆ ಕೇಳಿಸಿತು. ಒಂದೇ ಗೋಡೆ ಅಲ್ಲವೇ?

ಅವರು ಪೆಟ್ಟಿಗೆಯಿಂದ ತಮ್ಮ ಗಂಡನ ಕೆಂಪು ಟವೆಲ್ ತೆಗೆದರು. ಆತ ತೀರಿಕೊಂಡು ಆಗಲೇ ವರ್ಷವಾಗಿತ್ತು. ಅದನ್ನು ತಂದು ನಮ್ಮ ಅತ್ತೆಯ ಬಾಗಿಲ ಮೊಳೆಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಸೊಪ್ಪಿನವನು ಬಂದ. ಕೂಗಲು ಬಾಯಿ ತೆರೆದವನು ಟವೆಲ್ ನೋಡಿ ಅಲ್ಲೇ ನಿಂತ.

"ಯಾರ್ದಕ್ಕಾ ಇದು? ಮೈನ್ ಮುಚ್ಚೋದ್ ಮ್ಯಾಲೆ ಯಾರ್ದು ನೈಟ್ ಶಿಫ್ಟು?"

"ನಮ್ಮುಡುಗಿ ಓದ್ತಾವ್ಳೆ. ಅದೂ ಶಿಫ್ಟೇ ಕಣ್ಲಾ. ಕೊತ್ತಂಬ್ರಿ ಕೊಟ್ಟು ಮೆತ್ತಗ್ ಓಗು."

ಎರಡು ವಾರ ಆ ಲೈನಿನಲ್ಲಿ ಒಂದು ಸೊಲ್ಲಿಲ್ಲ. ತಮಿಳಿನವರು, ತೆಲುಗಿನವರು, ಕನ್ನಡದವರು ಎಲ್ಲರೂ ಬೆರಳು ಬಾಯಿಗಿಟ್ಟುಕೊಂಡು ಓಡಾಡಿದರು. ನನ್ನ ಹೆಸರು ಗೊತ್ತಿಲ್ಲದವರೂ ಸುಮ್ಮನಿದ್ದರು. ನನಗೆ ಫಸ್ಟ್ ಕ್ಲಾಸ್ ಬಂತು. ನಾನು ಜಾಣೆ ಅಂತ ಊರೆಲ್ಲ ಅಂದಿತು. ನಾನೂ ಹಾಗೇ ಅಂದುಕೊಂಡೆ.

ಸರಿ. ಈಗ ಹೋದ ಶನಿವಾರ.

ಮಾರಿಕುಪ್ಪಂ ಟ್ರೈನ್ ಇಳಿದು ನಾವು ನಾಲ್ವರು ಲೈನಿಗೆ ಬಂದೆವು. ರಾಜಮ್ಮಕ್ಕ ತಬ್ಬಿ, ಕೆನ್ನೆ ಹಿಂಡಿ, "ಎಷ್ಟ್ ದಪ್ಪ ಆಗಿದ್ದೀಯೇ" ಅಂತ ಎಲ್ಲರ ಮುಂದೆ ಹೇಳಿ, ಕೀ ಕೊಟ್ಟು, ಕೋಳಿ ತರಲು ರಾಬರ್ಟ್‌ಸನ್‌ಪೇಟೆಗೆ ಹೋದರು. ಪಕ್ಕದಲ್ಲೇ ಅತ್ತೆಯ ಮನೆ. ಅತ್ತೆ ಹೋದ ಮೇಲೆ ಅಲ್ಲಿಗೆ ಬೇರೆಯವರು ಬಂದಿದ್ದಾರೆ. ಬಾಗಿಲು ಹಾಕಿತ್ತು. ಗುಲಾಬಿ ಬಣ್ಣದ ಟವೆಲ್ಲೊಂದು ನೇತಾಡುತ್ತಿತ್ತು, ಮೇಲೆ ಬಾತುಕೋಳಿ ಚಿತ್ರ.

ನಾಲ್ಕು ಹನಿ ಮಳೆ ಬಿತ್ತು. ನಾನು ಓಡಿ ಹೋಗಿ ಟವೆಲ್ ಎತ್ತಿಕೊಂಡೆ. ಹನಿ ಬಿದ್ದರೆ ಪಕ್ಕದ ಮನೆಯ ಬಟ್ಟೆಯನ್ನೂ ಎತ್ತಿಡುವುದು ನಮ್ಮ ಹಳ್ಳಿಯ ಅಭ್ಯಾಸ. ಅವರ ಕಿಟಕಿ ಕಟ್ಟೆಯ ಮೇಲೆ ಮಡಚಿಟ್ಟೆ. ಒಳ್ಳೆಯ ಕೆಲಸ ಮಾಡಿದೆ ಅಂತ ಒಳಗೊಳಗೇ ಖುಷಿ ಬೇರೆ!

ಮಳೆ ನಿಂತಿತು. ಟವೆಲ್ ಮರೆತೇ ಹೋಯಿತು. ರಾಜಮ್ಮಕ್ಕ ವಾಪಸ್ ಬಂದದ್ದು ಸಂಜೆಗೇ. ಜಗಲಿಯ ಮೇಲೆ ಕೂತು ಶುರು ಮಾಡಿದೆವು ನೋಡಿ. ನಲವತ್ತು ದಾಟಿದ ನಾಲ್ಕು ಹೆಂಗಸರು, ಕಾಲೇಜಿನ ಕಥೆಗಳು. ಗೀತಾ ನಕ್ಕರೆ ಬಂಗಾರಪೇಟೆಗೆ ಕೇಳಿಸುತ್ತದೆ. ಸ್ವಲ್ಪ ಹೊತ್ತಿಗೆ ಮಕ್ಕಳು ಕ್ರಿಕೆಟ್ ಶುರು ಮಾಡಿದರು. ಪ್ಲಾಸ್ಟಿಕ್ ಸಾಮಾನಿನ ಆಟೋ ಮೈಕ್ ಹಾಕಿಕೊಂಡು ಬಂತು. ಎಷ್ಟು ಲವಲವಿಕೆಯ ಲೈನ್ ಅಂದುಕೊಂಡೆ. ಅವರೆಲ್ಲ ಯಾಕೆ ಅಷ್ಟು ಹೊತ್ತು ಬಂದಿರಲಿಲ್ಲ, ಈಗ ಯಾಕೆ ಬಂದರು? ಕೇಳಿಕೊಳ್ಳಲೇ ಇಲ್ಲ.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಮೀಟಿಂಗ್. ಅಧಿಕಾರಿಯೊಬ್ಬರು ಕರಡು ನಿಯಮಗಳನ್ನು ಓದಿದರು. ಹೋಂಸ್ಟೇಗೆ ರಿಜಿಸ್ಟ್ರೇಷನ್ ಬೇಕು. ಬರುವವರ ಗುರುತಿನ ಚೀಟಿ ಬೇಕು. ಕಸ ಹೊರಗೆ ಹಾಕುವಂತಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಶಬ್ದ ಮಾಡುವಂತಿಲ್ಲ. ಎಲ್ಲವೂ ಸರಿಯೇ. ನಿಯಮ ಬೇಕು ಅನ್ನುವವಳೇ ನಾನು. ನಾನು ಏಳಲು ಸೀರೆ ಸರಿಮಾಡಿಕೊಂಡೆ. ರಾಜಮ್ಮಕ್ಕ ನನ್ನ ಮೊಣಕೈ ಒತ್ತಿದರು.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ. "ಸಾರ್, ಮೊದ್ಲು ನಾನ್ ಮಾತಾಡ್ತೀನಿ. ನಿಂತ್ಕೊಳೋಕೆ ಆಗ್ತಿಲ್ಲ."

ತಿರುಗಿ ನೋಡಿದೆ. ಚಿಕ್ಕ ವಯಸ್ಸಿನ ಹುಡುಗಿ. ಕಣ್ಣು ಕೆಂಪಗಿತ್ತು. ಅವಳು ಸೆಲ್ವಿ, ಅತ್ತೆಯ ಮನೆಯಲ್ಲಿ ಈಗಿರುವವಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ನೈಟ್ ಡ್ಯೂಟಿ. ಸಂಜೆ ಟ್ರೈನಿಗೆ ಹೋಗಿ ಬೆಳಿಗ್ಗೆ ಬರುವುದು. ಬ್ಯಾಗಿನಿಂದ ಒಂದು ಟವೆಲ್ ತೆಗೆದಳು. ಗುಲಾಬಿ. ಬಾತುಕೋಳಿ!

"ರಾಜಮ್ಮ ಪಾಟಿ, ಈ ಅಜ್ಜಿ ಪರವಾಗಿ ಮಾತಾಡ್ಬೇಕು ಅಂತಾನೇ ಇದ್ದೆ ಸಾರ್. ಈ ಟವೆಲ್ ಹಾಕೋದು ಹೇಳ್ಕೊಟ್ಟಿದ್ದೇ ಅವರು. ಇದು ಇದ್ರೆ ಆಟೋದವ್ರೂ ಮೈಕ್ ಆಫ್ ಮಾಡ್ತಾರೆ. ನೆನ್ನೆ ಅವರ ಮನೆಗೆ ಬಂದ ಆಂಟಿಗಳು ಇದನ್ನ ತೆಗೆದು ಮಡಚಿ ಇಟ್ಟಿದ್ದಾರೆ. ಅಯ್ಯೋ, ಎನ್ನ ಸತ್ತಂ ಸಾರ್, ಏನ್ ಗಲಾಟೆ! ಒಂದು ನಿಮಿಷ ಕಣ್ಮುಚ್ಚಲಿಲ್ಲ. ಕಿಟಕಿ ಸಂದೀಲಿ ನೋಡಿದ್ರೆ ಬೆನ್ನು ಕಾಣ್ತು, ನಮ್ಮಮ್ಮನ ವಯಸ್ಸಿನವರು. ಬಯ್ಯೋಕೆ ಬಾಯಿ ಬರ್ಲಿಲ್ಲ. ರಾತ್ರಿ ಡ್ಯೂಟಿಯಲ್ಲಿ ಎರಡು ಸಲ ಪೇಷೆಂಟ್ ಬಿಪಿ ತಪ್ಪು ಬರೆದೆ. ಹೆಡ್ ಸಿಸ್ಟರ್ ನೋಡಿದ್ರು, ಸರಿ ಹೋಯ್ತು. ನೋಡದೇ ಇದ್ದಿದ್ರೆ?"

ಆಮೇಲೆ ಯಾರೋ ಕೂಗಿದರು, "ಮುಚ್ಸಿ ಸಾರ್ ಎಲ್ಲಾನೂ!"

ನಾನು ಬಾಯಿ ಮುಚ್ಚಿಕೊಂಡು ಕೂರಬಹುದಿತ್ತು. ಅವಳು ಕಂಡಿದ್ದು ಬರೀ ಬೆನ್ನು. ನಾನು ಒಪ್ಪಿಕೊಂಡರೆ ರಾಜಮ್ಮಕ್ಕನ ಕಥೆ ಮುಗಿಯುತ್ತಿತ್ತು. ಅವರ ಪರ ಮಾತಾಡಲು ಬಂದವಳೇ ಅಪರಾಧಿ! ಆದರೆ ಎದುರಿಗೆ ಆ ಟವೆಲ್ ಇತ್ತು. ಸುಳ್ಳು ಹೇಳುವುದು ಹೇಗೆ?

ಎದ್ದೆ. "ತೆಗೆದವಳು ನಾನೇ" ಅಂದೆ. ಮಳೆಯ ವಿಷಯ ಹೇಳಿದೆ. ಅದೇ ಬಾಗಿಲು, ಅದೇ ಮೊಳೆ, ಕೆಂಪು ಟವೆಲ್, ನನ್ನ ಎರಡು ವಾರ, ಎಲ್ಲ ಹೇಳಿದೆ. ಈ ಟವೆಲ್ ಕೆಂಪಗಿರಲಿಲ್ಲವಲ್ಲ, ಅದಕ್ಕೇ ಗೊತ್ತಾಗಲಿಲ್ಲ ಅನ್ನಲು ಹೊರಟೆ. ನಾಚಿಕೆಯಾಗಿ ನಿಲ್ಲಿಸಿದೆ.

ಮುಂದಿನ ಸಾಲಿನ ಹಿರಿಯರೊಬ್ಬರು ಅಂದರು. "ಈ ಮೊಳೆ ಋಣದಾಗೆ ಓದ್ದೋರೇ ಇಂಗ್ ಮಾಡುದ್ರೆ, ಬೆಂಗ್ಳೂರಿಂದ ಬರೋರು ಎಂಗ್ ಮಾಡ್ತಾರಮ್ಮ?"

ನಾನು ಕೂತುಬಿಟ್ಟೆ.

ಆಗ ರಾಜಮ್ಮಕ್ಕ ಎದ್ದರು. "ಬೆಂಗ್ಳೂರೋರು ಮಾಡಲ್ಲಪ್ಪ. ಬರೋರ್ಗೆಲ್ಲಾ ಕೀ ಕೊಡೋಕ್ ಮುಂಚೆ ಟವೆಲ್ ತೋರುಸ್ತೀನಿ. ಬಾಯ್ ಬಿಟ್ರೆ ಆಚೆ ಅಂತೀನಿ. ಇವ್ಳು ಮನೆ ಉಡುಗಿ, ಇವ್ಳಿಗೇನ್ ಯೋಳೋದು ಅಂತ ಬಿಟ್ಬುಟ್ಟೆ. ತಪ್ಪು ನಂದು. ಬರ್ಕೊಳಿ ಸಾರ್."

ಅಧಿಕಾರಿ ಪೆನ್ ಕೆಳಗಿಟ್ಟರು. "ರಾತ್ರಿ ಹತ್ತರ ಮೇಲೆ ಶಬ್ದ ಬೇಡ ಅಂತ ನಿಯಮ ಇದೆಯಲ್ಲಮ್ಮ" ಅಂದರು ಸೆಲ್ವಿಗೆ.

"ರಾತ್ರಿ ನಾನ್ ಮನೇಲೇ ಇರಲ್ಲ ಸಾರ್! ಯಾರ್ ಬೇಕಾದ್ರೂ ಡ್ಯಾನ್ಸ್ ಮಾಡ್ಲಿ. ನಂಗೆ ರಾತ್ರಿ ಆಗೋದು ಬೆಳಿಗ್ಗೆ ಹತ್ತಕ್ಕೆ."

ಎಲ್ಲರೂ ನಕ್ಕರು. ಅಧಿಕಾರಿ ನಗಲಿಲ್ಲ. ಏನೋ ಹೊಡೆದುಹಾಕಿ ಬರೆದರು. ನಿಯಮಗಳನ್ನು ಮೇಲಕ್ಕೆ ಕಳಿಸುತ್ತಾರಂತೆ. ಅಲ್ಲಿಯವರೆಗೆ ಎರಡೂ ಪಕ್ಕದ ಮನೆಯವರು ಒಪ್ಪಿ ಸಹಿ ಹಾಕಿದರೆ ಮಾತ್ರ ಲೈನಿನಲ್ಲಿ ಹೋಂಸ್ಟೇ. ರಾಜಮ್ಮಕ್ಕನ ಒಂದು ಪಕ್ಕದವರು ಅಲ್ಲೇ ಸಹಿ ಹಾಕಿದರು. ಇನ್ನೊಂದು ಪಕ್ಕ ಸೆಲ್ವಿಯದು. ಅವಳು ಕಾಗದ ತೆಗೆದುಕೊಂಡು ಮಡಚಿದಳು.

"ಈಗ ಅಕ್ಷರಾನೇ ಕಾಣ್ತಿಲ್ಲ. ಮಲಗಿ ಎದ್ದು ಹೇಳ್ತೀನಿ." ನನ್ನ ಕಡೆ ನೋಡಿದಳು. "ನಿಜವಾಗ್ಲೂ ಅದೇ ಮೊಳೆನಾ ಅಕ್ಕಾ?"

ಆಂಟಿ ಹೋಗಿ ಅಕ್ಕ ಆಗಿದ್ದೆ. "ಅದೇ" ಅಂದೆ.

ನಾವು ಹೊರಡುವ ಹೊತ್ತಿಗೆ ಮಟಮಟ ಮಧ್ಯಾಹ್ನ. ಮೊಳೆಯಲ್ಲಿ ಬಾತುಕೋಳಿ ನೇತಾಡುತ್ತಿತ್ತು. ನಮ್ಮ ಟ್ರಾಲಿ ಬ್ಯಾಗುಗಳ ಚಕ್ರ ಆ ಕಲ್ಲಿನ ದಾರಿಯಲ್ಲಿ ಹೇಗೆ ಕಿರುಚುತ್ತವೆ ಅಂತ ಬರುವಾಗಲೇ ಕೇಳಿದ್ದೆವು. ಗೀತಾ ತನ್ನದನ್ನು ಎತ್ತಿ ಎದೆಗವಚಿಕೊಂಡಳು. ನಾವೂ ಎತ್ತಿಕೊಂಡೆವು. ಮಲಗಿದ ಮಗುವನ್ನು ಹೊತ್ತ ಹಾಗೆ, ನಾಲ್ಕು ಹೆಂಗಸರು ತುದಿಗಾಲಲ್ಲಿ ಲೈನ್ ದಾಟಿದೆವು. ಕೊಳಾಯಿ ಹತ್ತಿರ ಇಬ್ಬರು ಜಗಳವಾಡುತ್ತಿದ್ದರು. ಪಿಸುಮಾತಲ್ಲಿ.

ಪೆನ್ನಿನ ಕ್ಯಾಪ್ ಹುಡುಕಬೇಕು ಅಂದುಕೊಂಡಿದ್ದೆ. ಕಲ್ಲು ಅಲುಗಾಡಿಸಿದರೆ ಸದ್ದಾದೀತು ಅಂತ ಬಿಟ್ಟುಬಂದೆ.

ರಾಬರ್ಟ್‌ಸನ್‌ಪೇಟೆ ಸುತ್ತಿ ಹತ್ತಿದ ಸಂಜೆ ಟ್ರೈನು ಬಂಗಾರಪೇಟೆ ದಾಟುವಾಗ ರಾಜಮ್ಮಕ್ಕನ ಫೋನ್. "ಈಗ್ ಎದ್ಲು ಕಣೇ. ಕಾಪಿ ಕುಡುದ್ಲು. ಸಹಿ ಆಕ್ಬುಟ್ಟು ಡ್ಯೂಟಿಗೆ ಓದ್ಲು."

ನನ್ನ ಡಿಗ್ರಿ ಸರ್ಟಿಫಿಕೇಟಿನಲ್ಲಿರುವುದು ನನ್ನೊಬ್ಬಳ ಹೆಸರು. ಇಷ್ಟು ವರ್ಷ ಅದನ್ನೇ ನಂಬಿದ್ದೆ. ನಿಯಮ ಬರಲಿ, ಬರಲೇಬೇಕು. ಕಸಕ್ಕೆ, ಬಾಟಲಿಗೆ, ಗುರುತಿನ ಚೀಟಿಗೆ ನಿಯಮ ಬರೆಯುವುದು ಸುಲಭ. ನನ್ನಂಥವರಿಗೆ ಯಾವ ನಿಯಮ ಬರೆಯುತ್ತೀರಿ?

ಅಂದಹಾಗೆ, ನಿಮ್ಮ ಪಕ್ಕದ ಮನೆಯಲ್ಲಿ ರಾತ್ರಿ ಆಗುವುದು ಎಷ್ಟು ಗಂಟೆಗೆ?