ಹೊರಡುವುದಕ್ಕೆ ನಲವತ್ತು ನಿಮಿಷ

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅಕ್ಕಪಕ್ಕದವರು ಜಯಪ್ಪನ ಬಗ್ಗೆ ಒಂದು ಮಾತು ಹೇಳುತ್ತಿದ್ದರು. ಯಮನೇ ಬಂದರೂ ಐದು ನಿಮಿಷ ಮೊದಲೇ ಬಂದು ನಿಂತಿರಬೇಕು, ತಡವಾದರೆ ಜಯಪ್ಪ 'ಮುಂದಿನ ಬಸ್ಸಿಗೆ ಬಾ' ಅಂತಾನೆ, ಎಂದು. ಇದರ ಬೆನ್ನಿಗೆ ಇನ್ನೊಂದು ಮಾತೂ ಇತ್ತು, ಅದನ್ನು ಅವನ ಎದುರು ಯಾರೂ ಆಡುತ್ತಿರಲಿಲ್ಲ. ಕಟ್ಟಿಕೊಂಡ ಹೆಂಡತಿಯನ್ನೇ ಬಿಟ್ಟು ಬಸ್ ಬಿಟ್ಟವನು, ಎಂದು.

ಎರಡೂ ನಿಜವೇ. ಜಯಪ್ಪ ಮೂವತ್ತೊಂಬತ್ತು ವರ್ಷ ಖಾಸಗಿ ಬಸ್ಸುಗಳ ಏಜೆಂಟ್ ಆಗಿದ್ದ. 'ನಗರ, ನಗರ, ನಗರ' ಎಂದು ಕೂಗಿ ಜನರನ್ನು ಹತ್ತಿಸುವುದು, ಗಡಿಯಾರ ನೋಡುವುದು, ಬಸ್ಸಿನ ಮೈಗೆ ಎರಡು ಸಲ ತಟ್ಟಿ 'ರೈಟ್' ಎನ್ನುವುದು, ಇಷ್ಟೇ ಕೆಲಸ. ಮದುವೆಯಾದ ಎರಡನೇ ವರ್ಷ ಗಂಡಹೆಂಡತಿ ಸಾಗರಕ್ಕೆ ಹೋಗಿದ್ದರು. ಅಲ್ಲಿನ ಏಜೆಂಟನಿಗೆ ಜ್ವರ, ಸಂಜೆಯ ಬಸ್ಸನ್ನು ಜಯಪ್ಪನೇ ಬಿಡಬೇಕಾಯಿತು. ಜಲಜಮ್ಮ ಚಿಕ್ಕಮ್ಮನ ಮನೆಯಲ್ಲಿ ಕುಂಕುಮ ತೆಗೆದುಕೊಂಡು ಬರುವಷ್ಟರಲ್ಲಿ ಎರಡು ನಿಮಿಷ ತಡ. ರಸ್ತೆಯ ತಿರುವಿನಲ್ಲಿ ಕಾಣಿಸಿದಳು, ಕೈ ಎತ್ತಿದಳು. ಜಯಪ್ಪ ನೋಡಿದ. ನೋಡಿ, ಬಸ್ಸಿಗೆ ತಟ್ಟಿ 'ರೈಟ್' ಎಂದ. ತಾನೂ ಹತ್ತಿಕೊಂಡ.

ಅವಳು ಮುಂದಿನ ಬಸ್ಸಿಗೆ ಬಂದಳು, ಅನ್ನಕ್ಕಿಟ್ಟಳು. ಆದರೆ ಆಮೇಲೆ ಮೂವತ್ತನಾಲ್ಕು ವರ್ಷ ಗಂಡನ ಜೊತೆ ಯಾವ ಬಸ್ಸನ್ನೂ ಹತ್ತಲಿಲ್ಲ. ಅವನು ಧರ್ಮಸ್ಥಳಕ್ಕೆ ಹೋಗಿ ಬಂದರೆ, ಅವಳು ಮಾರನೇ ವಾರ ಓಣಿಯ ಹೆಂಗಸರ ಜೊತೆ ಹೋಗಿ ಬರುತ್ತಿದ್ದಳು. ಜಗಳವೇನೂ ಇರಲಿಲ್ಲ. ಟೈಮ್ ಹೊಂದುತ್ತಿರಲಿಲ್ಲ, ಅಷ್ಟೇ.

ಜಯಪ್ಪ ನಿವೃತ್ತನಾದ ವರ್ಷ ಓಣಿಯ ಆರು ಜನ ಸೇರಿ ಹಡಗಿನ ಪ್ರವಾಸಕ್ಕೆ ಹೊರಟರು. ಮುಂಬೈಯಲ್ಲಿ ಹತ್ತುವುದು, ನಡುವೆ ಒಂದು ದಿನ ಕೊಚ್ಚಿಯಲ್ಲಿ ಇಳಿದು ಊರು ನೋಡುವುದು. ಹಡಗು ಬೆಳಿಗ್ಗೆ ಒಂಬತ್ತಕ್ಕೆ ನಿಂತು ಸಂಜೆ ಐದಕ್ಕೆ ಹೊರಡುತ್ತದೆ, ನಾಲ್ಕೂವರೆಯೊಳಗೆ ಹತ್ತಿರಬೇಕು, ಯಾರಿಗೂ ಕಾಯುವುದಿಲ್ಲ ಎಂದು ಕಾಗದದಲ್ಲಿ ಅಚ್ಚಾಗಿತ್ತು. ಆ ಸಾಲನ್ನು ಓದಿದ ಮೇಲೆ ಜಯಪ್ಪ ತಾನೂ ಬರುತ್ತೇನೆಂದ. ಕೊಚ್ಚಿಯ ದಿನದ ಜವಾಬ್ದಾರಿ ತನ್ನದು ಎಂದ.

"ನೀನೂ ಬಾ ಮಾರಾಯ್ತಿ" ಎಂದು ಹೆಂಡತಿಗೆ ಹೇಳಿದ.

"ಸಾಗರದಲ್ಲಾದ್ರೆ ಮುಂದಿನ ಬಸ್ ಇತ್ತು. ಸಮುದ್ರದಲ್ಲಿ ಎಂತ ಮಾಡ್ಲಿ?" ಎಂದಳು ಜಲಜಮ್ಮ.

ಜಯಪ್ಪ ಎರಡು ದಿನ ಯೋಚಿಸಿ ಒಂದು ಒಪ್ಪಂದ ತಂದ. ಸಾಗರದಲ್ಲೇ ಒಂದು ದಿನ ತಾಲೀಮು ಮಾಡೋಣ. ಎಲ್ಲರೂ ಹೊತ್ತಿಗೆ ಸರಿಯಾಗಿ 'ಹಡಗು' ಹತ್ತಿದರೆ ನೀನು ಬರಬೇಕು.

"ತಪ್ಪಿದ್ರೆ?"

"ತಪ್ಪಲ್ಲ."

"ತಪ್ಪಿದ್ರೆ ನಾ ಬರಲ್ಲ. ಆಯ್ತಾ?"

ಆಯ್ತು ಎಂದ. ಕೊಚ್ಚಿಯ ಪಟ್ಟಿಯಲ್ಲಿದ್ದ ಹನ್ನೊಂದು ಜಾಗಗಳಲ್ಲಿ ಮೂರನ್ನು ತಾಲೀಮಿಗೆ ಆರಿಸಿ, ರಟ್ಟಿನ ಮೇಲೆ ವೇಳಾಪಟ್ಟಿ ಬರೆದ. ಕೊಚ್ಚಿಯ ಹಳೇ ಚರ್ಚಿನ ಬದಲಿಗೆ ಇಕ್ಕೇರಿಯ ದೇವಸ್ಥಾನ, ನಲವತ್ತು ನಿಮಿಷ. ಅಪ್ಪಂ ತಿನ್ನಿಸುವ ಮನೆಯ ಬದಲಿಗೆ ಇಕ್ಕೇರಿ ಹತ್ತಿರದ ದುಗ್ಗಮ್ಮನ ಮನೆ, ಇಪ್ಪತ್ತು ನಿಮಿಷ. ದುಗ್ಗಮ್ಮ ಜಲಜಮ್ಮನ ತಂಗಿ. ಹಲ್ವದ ಅಂಗಡಿಯ ಬದಲಿಗೆ ಸಾಗರ ಪೇಟೆಯಲ್ಲಿರುವ ಸೊಸೆ ಸೌಜನ್ಯಾಳ ತವರುಮನೆ, ಹದಿನೈದು ನಿಮಿಷ. ಹಡಗು ಅಂದರೆ ಸಾಗರದಿಂದ ಹೊಸನಗರಕ್ಕೆ ಬರುವ ನಾಲ್ಕೂವರೆ ಬಸ್ಸು. ಅದರ ಕಂಡಕ್ಟರ್ ಹರ್ಷವರ್ಧನ ಜಯಪ್ಪನ ಕೈಕೆಳಗೆ ಪಳಗಿದವನು. ಅವನಿಗೆ ಹಿಂದಿನ ದಿನವೇ ಫೋನ್ ಹೋಯಿತು.

"ನಾಲ್ಕೂವರೆಗೆ ಬಿಟ್ಬಿಡು. ಯಾರಿಗೂ ಕಾಯ್ಬೇಡ. ನಾನೇ ಓಡಿ ಬಂದ್ರೂ ಕಾಯ್ಬೇಡ."

"ಅಣ್ಣ, ನಿಮ್ಗೆ ಹೆಂಗೆ..."

"ನಾನು ಹಡಗಿನ ಪ್ಯಾಸೆಂಜರ್ ಮಾರಾಯ."

ಊಟದ ಅಪಾಯ ಜಯಪ್ಪನಿಗೆ ಗೊತ್ತಿತ್ತು. ನಮ್ಮ ಕಡೆ ರುಚಿ ನೋಡಿ ಎಂದರೆ ಹೊಟ್ಟೆ ತುಂಬಾ ಉಣ್ಣಿ ಎಂದರ್ಥ. ಅದಕ್ಕೇ ಎಂಟು ಚಿಕ್ಕ ಸ್ಟೀಲ್ ತಟ್ಟೆಗಳನ್ನು ತಾನೇ ಚೀಲದಲ್ಲಿ ಹಾಕಿಕೊಂಡು ಹೋದ. ಅದರಲ್ಲಿ ಒಂದು ಕಡುಬು ಹಿಡಿಯುವುದೇ ಕಷ್ಟ.

ಇಕ್ಕೇರಿ ಮೂವತ್ತೆಂಟು ನಿಮಿಷದಲ್ಲಿ ಮುಗಿಯಿತು. ದುಗ್ಗಮ್ಮನ ಮನೆಯಲ್ಲಿ ಕಾಗದದಷ್ಟು ತೆಳ್ಳನೆಯ ಸಿಹಿ ತೊಡೆದೇವು, ಅರ್ಧ ಕಡುಬು, ಒಂದೊಂದು ಉಪ್ಪಿನಕಾಯಿ ಮಿಡಿ. ನಿವೃತ್ತ ಮೇಷ್ಟ್ರು ನಾರಾಯಣಮೂರ್ತಿಗಳು ಖಾಲಿ ತಟ್ಟೆ ಹಿಡಿದು, "ಜಯಪ್ಪ, ರುಚಿ ಇನ್ನೂ ಸರಿಯಾಗಿ ಕಾಣ್ಲಿಲ್ಲ ನೋಡು" ಎಂದರು. ಜಯಪ್ಪ ತಟ್ಟೆಗಳನ್ನು ವಾಪಸ್ ಇಸಿದುಕೊಂಡ. ಹದಿನೆಂಟು ನಿಮಿಷ. ಗೆದ್ದೆ ಅಂದುಕೊಂಡು "ಹೊರಡೋಣ" ಎಂದ.

ತಿನ್ನುವುದಕ್ಕೆ ನಿಮಿಷ ಬರೆದಿದ್ದ. ಹೊರಡುವುದಕ್ಕೆ ಬರೆದಿರಲಿಲ್ಲ.

"ಕುಂಕುಮ ತಗೊಳ್ದೆ ಹೋಗ್ತ್ಯನೇ ಅಕ್ಕ?" ಎಂದಳು ದುಗ್ಗಮ್ಮ. ಕುಂಕುಮವಾಯಿತು. ಹೂವಾಯಿತು. ರವಿಕೆ ಕಣ ಕೊಡಬೇಕು, ಬೀರುವಿನ ಕೀಲಿ ಸಿಗಲಿಲ್ಲ. ಕೀಲಿ ಹಿಟ್ಟಿನ ಡಬ್ಬಿಯಲ್ಲಿತ್ತು. ಅಂಗಳಕ್ಕೆ ಬಂದರೆ ಡೇರೆ ಹೂವಿನ ಗಿಡ. "ಈ ಬಣ್ಣ ನನ್ ಹತ್ರ ಇಲ್ಲ ಕಣೇ" ಎಂದಳು ಜಲಜಮ್ಮ. ಗುದ್ದಲಿ ಬಂತು, ಗಡ್ಡೆ ಅಗೆದರು. ಬೇಲಿಯ ದಣಪೆ ದಾಟಿದ ಮೇಲೆ, ಕಳೆದ ತಿಂಗಳು ತೀರಿಕೊಂಡವರ ಸುದ್ದಿ ನೆನಪಾಯಿತು. ಅದನ್ನು ನಡೆಯುತ್ತ ಹೇಳುವುದು ಸರಿಯಲ್ಲವೆಂದು ನಿಂತೇ ಹೇಳಿದರು.

"ಹಡಗು" ಎಂದ ಜಯಪ್ಪ.

"ಇರಿ ಭಾವ, ಹಡಗು ಎಲ್ಲಿಗೆ ಹೋಗ್ತದೆ" ಎಂದಳು ದುಗ್ಗಮ್ಮ.

ಐವತ್ತು ನಿಮಿಷ. ಪೇಟೆಯ ಮನೆಯಲ್ಲಿ ಇನ್ನೂ ಮೂವತ್ತೈದು. ಸ್ಟ್ಯಾಂಡಿನ ತಿರುವಿಗೆ ಬರುವಾಗ ಗಂಟೆ ನಾಲ್ಕೂವರೆ ದಾಟಿ ಎರಡು ನಿಮಿಷ. ಹರ್ಷವರ್ಧನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಜಯಪ್ಪನಿಗೇ ತಿಳಿಯದೆ ಅವನ ಕೈ ಮೇಲಕ್ಕೆದ್ದಿತ್ತು. ಹರ್ಷವರ್ಧನ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, 'ರೈಟ್' ಎಂದ. ಬಸ್ ಹೋಯಿತು.

ಡೇರೆ ಗಡ್ಡೆಯ ಚೀಲ ಹಿಡಿದ ಜಲಜಮ್ಮ ಗಂಡನ ಮುಖ ನೋಡಿದಳು. "ಕೈ ಎತ್ತಿದ್ರಾ?"

"ಎತ್ತಿದೆ."

"ಹೆಂಗನ್ಸ್ತು?"

ಮುಂದಿನ ಬಸ್ಸಿಗೆ ಐವತ್ತು ನಿಮಿಷವಿತ್ತು. ಅಷ್ಟು ಹೊತ್ತೂ ಜಯಪ್ಪ ಪ್ರಯಾಣಿಕರ ಬೆಂಚಿನ ಮೇಲೆ ಕುಳಿತಿದ್ದ. ಏಜೆಂಟನಾಗಿ ಅವನು ಅಂಥ ಬೆಂಚಿನ ಮೇಲೆ ಒಂದು ಸಲವೂ ಕುಳಿತವನಲ್ಲ.

ಜಲಜಮ್ಮ ಮಾತಿಗೆ ತಪ್ಪುವವಳಲ್ಲ. ಬರುವುದಿಲ್ಲ ಎಂದಳು. ಜಯಪ್ಪ ಹತ್ತು ದಿನ ಊಟದ ಮೇಜಿನ ಮೇಲೆ ರಟ್ಟು ಹರಡಿಕೊಂಡು ಕುಳಿತ. ಹನ್ನೊಂದನೇ ದಿನ ಹೊಸ ಪಟ್ಟಿಯನ್ನು ಅವಳ ಮುಂದಿಟ್ಟ.

ಕೊಚ್ಚಿಯ ಮೊದಲಿನ ಪಟ್ಟಿಯಲ್ಲಿ ಹನ್ನೊಂದು ಜಾಗಗಳಿದ್ದವು, ಇದರಲ್ಲಿ ಮೂರೇ. ಚರ್ಚು, ಅಪ್ಪಂ ಮನೆ, ಹಲ್ವದ ಅಂಗಡಿ. ಪ್ರತಿಯೊಂದರ ಕೆಳಗೂ ಕೆಂಪು ಶಾಯಿಯಲ್ಲಿ ಒಂದು ಸಾಲು: 'ಜಲಜಾ ಹೊರಡುವುದು, ನಲವತ್ತು ನಿಮಿಷ.'

"ಹಲ್ವದ ಅಂಗಡೀಲಿ ನಂಗ್ಯಾರು ಗೊತ್ತು?" ಎಂದಳು.

"ಶಿವಮೊಗ್ಗ ಆಸ್ಪತ್ರೇಲೂ ಯಾರೂ ಗೊತ್ತಿರ್ಲಿಲ್ಲ. ಡಿಸ್ಚಾರ್ಜ್ ಆದ್ಮೇಲೆ ನೀನು ಪಕ್ಕದ ಬೆಡ್ಡಿನೋರ ಹತ್ರ ಒಂದೂವರೆ ತಾಸು ನಿಂತಿದ್ದೆ."

ಅವಳು ಪಟ್ಟಿಯನ್ನು ಮತ್ತೆ ಓದಿದಳು. "ಜೆಟ್ಟಿ ಎಲ್ಲಿ?"

ಜೆಟ್ಟಿ ಅಂದರೆ ಕೊಚ್ಚಿಯ ದೋಣಿ ನಿಲ್ದಾಣ. ಇಷ್ಟಿಷ್ಟು ನಿಮಿಷಕ್ಕೊಂದು ದೋಣಿ ಗಂಟೆ ಬಾರಿಸಿ ಹೊರಡುವುದನ್ನು ಜಯಪ್ಪ ಫೋನಿನಲ್ಲಿ ನೋಡಿದ್ದ, ಓಣಿಗೆಲ್ಲ ತೋರಿಸಿದ್ದ. ಅವನಿಗೆ ಆ ಊರಲ್ಲಿ ನಿಜವಾಗಿ ನೋಡಬೇಕಾಗಿದ್ದುದು ಅದೊಂದೇ.

"ದೋಣಿ ಬಿಡೋದ್ರಲ್ಲಿ ನೋಡೋದೆಂತ ಉಂಟು? ಜೀವಮಾನ ಪೂರ್ತಿ ಬಿಟ್ಟಿದೀನಿ" ಎಂದ.

ಜಲಜಮ್ಮ ಪಟ್ಟಿಯನ್ನು ಮಡಿಸಿ ಅವನಿಗೇ ಕೊಟ್ಟಳು. ಒಳಗೆ ಹೋಗಿ ಅಟ್ಟದ ಮೇಲಿದ್ದ ಸೂಟ್‌ಕೇಸ್ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸತೊಡಗಿದಳು.

ಹೊರಡುವ ದಿನ ಬೆಳಿಗ್ಗೆ ಆರಕ್ಕೆ ಟೆಂಪೊ ಬಂತು. ಕುಂದಾಪುರದಲ್ಲಿ ಮುಂಬೈ ರೈಲು ಹಿಡಿಯಬೇಕು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಜಲಜಮ್ಮ ಹೊರಡುವುದಕ್ಕೆ ಎಷ್ಟು ಹೊತ್ತಾಗುತ್ತದೆಂದು ನೋಡಲು ಕಾದಿದ್ದರು. ಅವಳು ಹಿಂದಿನ ಸಂಜೆಯೇ ಓಣಿಯ ಹದಿನಾಲ್ಕು ಮನೆಗಳಿಗೂ ಹೋಗಿ, ಕುಂಕುಮ, ಹೂವು, ಸುದ್ದಿ ಎಲ್ಲ ಮುಗಿಸಿ ಬಂದಿದ್ದಳು. ಆರಕ್ಕೆ ಐದು ನಿಮಿಷವಿರುವಾಗಲೇ ಟೆಂಪೊದ ಕಿಟಕಿ ಪಕ್ಕ ಕುಳಿತಾಗಿತ್ತು.

ಜಯಪ್ಪ ಬೀಗ ಹಾಕಿ ಬಂದ. ಗ್ಯಾಸ್ ಆಫ್ ಮಾಡಿದೆನಾ ಎಂದು ವಾಪಸ್ ಹೋದ. ಬಂದ. ಹಿತ್ತಿಲ ಬಾಗಿಲಿನ ಚಿಲಕ ನೆನಪಾಗಿ ಮತ್ತೆ ಹೋದ. ಬಂದು ಮೆಟ್ಟಿಲ ಮೇಲೆ ಕಾಲಿಟ್ಟವನು ಜೇಬು ಮುಟ್ಟಿ ನೋಡಿಕೊಂಡ. ಕೊಚ್ಚಿಯ ಪಟ್ಟಿ ಫ್ರಿಜ್ಜಿನ ಮೇಲೇ ಉಳಿದಿತ್ತು, ಮತ್ತೆ ಓಡಿದ. ಗಂಟೆ ಆರು ದಾಟಿ ನಾಲ್ಕು ನಿಮಿಷ.

"ಎಂತ ಅಮ್ಮ, ಬಿಡ್ಲಾ?" ಎಂದು ಡ್ರೈವರ್ ದೀಪಕ್ ತಮಾಷೆಗೆ ಕೇಳಿದ. ಓಣಿ ನಗುವುದಕ್ಕೆ ತಯಾರಾಯಿತು.

ಜಲಜಮ್ಮ ನಗಲಿಲ್ಲ. "ಅವ್ರು ಬರ್ಲಿ" ಎಂದಳು.

ಜಯಪ್ಪ ಪಟ್ಟಿ ಹಿಡಿದು, ಬೀಗ ಎಳೆದು ನೋಡಿ, ಅಂತೂ ಮನೆಯಿಂದ ಹೊರಟ. ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿ ಬಂದು, ಹೆಂಡತಿಯ ಪಕ್ಕ ಕುಳಿತ. ಅವಳು ಕಿಟಕಿಯಿಂದ ಕೈ ಹೊರಗೆ ಹಾಕಿ ಟೆಂಪೊದ ಮೈಗೆ ಎರಡು ಸಲ ತಟ್ಟಿದಳು.

"ರೈಟ್" ಎಂದಳು.