ಐದನೆಯ ರಿಜಿಸ್ಟರಿನ ಬೆನ್ನು

ಗೋಂದಕ್ಕ ಕಳೆದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಹೃದಯ ನಿಂತಿತು ಎಂದರು. ವಯಸ್ಸು ಐವತ್ತೇಳು. ಎಂ.ಎ. ಪಾಸಾಗಿ ಹತ್ತೊಂಬತ್ತು ದಿನವಾಗಿತ್ತು.

ವಿಶ್ವವಿದ್ಯಾಲಯದ ಹಿಂಬದಿಯ ಗೇಟಿನೆದುರು ಅವಳ ಬುಕ್ ಬೈಂಡಿಂಗ್ ಅಂಗಡಿ. ನಾನು ಒಳಗಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಬೆನ್ನು ಮುರಿದ ಪುಸ್ತಕಗಳನ್ನು ಅವಳಲ್ಲಿಗೆ ಕಳಿಸುತ್ತಾ ಕಳಿಸುತ್ತಾ ಗೆಳತಿಯಾದೆ. ಆದರೂ ಅವಳು ನನ್ನನ್ನು ಮೇಡಂ ಎನ್ನುವುದನ್ನು ಬಿಡಲಿಲ್ಲ. ಮೂವತ್ತು ವರ್ಷ ಊರವರ ಪ್ರಬಂಧಗಳಿಗೆಲ್ಲ ಅವಳೇ ರಟ್ಟು ಹಾಕಿದಳು. ಗೋಂದು ಒಣಗುವವರೆಗೆ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ, ಓದುತ್ತಿದ್ದಳು. ನಿನ್ನ ಮೂರನೆಯ ಅಧ್ಯಾಯ ಹೇಳಿದ್ದನ್ನು ಐದನೆಯದು ಅಲ್ಲಗಳೆಯುತ್ತದಲ್ಲಪ್ಪಾ ಎಂದು ಒಬ್ಬ ಸಂಶೋಧಕನಿಗೆ ಹೇಳಿದ್ದಳಂತೆ. ಅವನು ನಾಲ್ಕೂ ಪ್ರತಿ ಹೊತ್ತುಕೊಂಡು ವಾಪಸು ಹೋದ. ಅವಳಿದ್ದಿದ್ದರೆ ಈ ಬರಹದಲ್ಲೂ ಒಂದೆರಡು ತಪ್ಪು ಹಿಡಿಯುತ್ತಿದ್ದಳು.

ಅಂಚೆ ಮೂಲಕ ಬಿ.ಎ. ಮುಗಿಸಿ, ಐವತ್ತೈದಕ್ಕೆ ಇತಿಹಾಸದ ಎಂ.ಎ.ಗೆ ಅರ್ಜಿ ಹಾಕಿದಾಗ ಮಗಳು ತಲೆ ಚಚ್ಚಿಕೊಂಡಳು.

"ಈ ವಯಸ್ಸಲ್ಲಿ ಯಾಕಮ್ಮಾ ಇದೆಲ್ಲ?"

"ಊರ ಮಕ್ಕಳಿಗೆಲ್ಲ ಅಂಗಿ ಹೊಲಿದಿದ್ದೀನಿ ಕಣೇ. ನಂದೂ ಒಂದು ಕೂಸು ಇರಲಿ."

"ಮತ್ತೆ ನಾನ್ಯಾರು?"

"ನೀನು ಹೇಳಿದ ಮಾತು ಕೇಳಲ್ಲ. ಪುಸ್ತಕ ಕೇಳುತ್ತೆ."

ತರಗತಿಯಲ್ಲಿ ಎಲ್ಲರೂ ಅವಳ ಮಗಳಿಗಿಂತ ಚಿಕ್ಕವರು. ಬೆರಳ ಸಂದಿಯ ಒಣಗಿದ ಗೋಂದು ನೋಡಿ ಅವರೇ ಗೋಂದಕ್ಕ ಎಂದು ಹೆಸರಿಟ್ಟದ್ದು. ಕೂತರೆ ಬೆಂಚಿಗೆ ಅಂಟಿಕೊಳ್ಳುತ್ತಾಳೆ ಎಂದೂ ಸೇರಿಸಿದರು. ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಫೇಲಾದಳು. ಹೆಚ್ಚುವರಿ ಹಾಳೆಗಳನ್ನು ಅಂಚು ಕೂಡಿಸಿ, ದಾರ ಪೋಣಿಸಿ, ನೀಟಾಗಿ ಕಟ್ಟುವಷ್ಟರಲ್ಲಿ ಕೊನೆಯ ಪ್ರಶ್ನೆಗೆ ಹೊತ್ತೇ ಉಳಿದಿರಲಿಲ್ಲ. ಮರುಪರೀಕ್ಷೆಗೆ ಗಂಟು ಹಾಕದೆ ಕೊಟ್ಟು ಬಂದೆ ಎಂದು ಪಾಪ ಮಾಡಿದವಳಂತೆ ಹೇಳಿದಳು.

ಎರಡನೆಯ ವರ್ಷ, ಮುಚ್ಚಿಹೋದ ಬಟ್ಟೆ ಗಿರಣಿಯ ಐದು ಹಾಜರಿ ರಿಜಿಸ್ಟರುಗಳು ನಮ್ಮಲ್ಲಿಗೆ ಬಂದವು. ದುರಸ್ತಿಗೆ ಅವಳಿಗೇ ಕೊಟ್ಟೆ. ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಕೈಗೆ ಸಿಕ್ಕ ರದ್ದಿ ಕಾಗದವನ್ನು ಒಳಗೆ ಅಂಟಿಸುವುದು ಬೈಂಡರುಗಳ ಪದ್ಧತಿ. ದುರಸ್ತಿಗೆ ಬಂದಾಗ ಅದನ್ನು ನೆನೆಸಿ, ಕೆರೆದು, ಬಿಸಾಡುವುದೂ ಪದ್ಧತಿಯೇ. ನಾಲ್ಕು ರಿಜಿಸ್ಟರುಗಳ ಬೆನ್ನನ್ನು ಹಾಗೇ ಕೆರೆದು ಮುಗಿಸಿದಳು. ಐದನೆಯದರ ಮೇಲೆ ಒದ್ದೆ ಬಟ್ಟೆ ಹಾಕುವಾಗ, ಒಳಗಿನ ಚೂರಿನಲ್ಲಿ ಅಚ್ಚಾದ ಒಂದು ಸಾಲು ಕಂಡಿತು: ಗಿರಣಿಯ ಹೆಂಗಸರೇ, ಇದು ನಿಮ್ಮ ಪತ್ರಿಕೆ, ನೀವೇ ಬರೆಯಿರಿ.

ಗಿರಣಿ ಕೆಲಸಗಾರರು ಪತ್ರಿಕೆ ಶುರು ಮಾಡಿದ್ದು ದೊಡ್ಡ ಮುಷ್ಕರ ಮುಗಿದ ಮೇಲೆ ಎಂದು ಪುಸ್ತಕಗಳೆಲ್ಲ ಹೇಳುತ್ತಿದ್ದವು. ಈ ರಿಜಿಸ್ಟರಿನ ಮೊದಲ ಹಾಜರಿಯೇ ಮುಷ್ಕರಕ್ಕಿಂತ ಮೂರು ವರ್ಷ ಹಿಂದಿನದು. ರಟ್ಟು ಹಾಕಿದ ಮೇಲೆಯೇ ಹಾಜರಿ ಬರೆಯುವುದು, ಹಾಗಾದರೆ ಬೆನ್ನಿನೊಳಗಿನ ಪತ್ರಿಕೆ ಅದಕ್ಕೂ ಹಳೆಯದು. ಪ್ರಬಂಧಕ್ಕೆ ವಿಷಯ ಸಿಕ್ಕಿತು. ಸಾಕ್ಷಿ ಮಾತ್ರ ಒಂದೇ ಬೆನ್ನು. ಮಿಕ್ಕ ನಾಲ್ಕನ್ನು ಅವಳ ಕೈಯೇ ಚರಂಡಿಗೆ ಸೇರಿಸಿತ್ತು. ಎರಡು ದಿನ ಅಂಗಡಿ ತೆರೆಯಲಿಲ್ಲ. ಕೆರೆದ ಸಂಗತಿ ಬರೆಯಬೇಡಿ, ಪರೀಕ್ಷಕರ ಬಾಯಿಗೆ ಯಾಕೆ ಸಿಗುತ್ತೀರಿ ಎಂದು ಮಾರ್ಗದರ್ಶಕರು ಬುದ್ಧಿ ಹೇಳಿದರು. ಅವಳು ಬರೆದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು, ಆ ಮುಷ್ಕರದ ಬಗ್ಗೆ ಎಲ್ಲರಿಗಿಂತ ದಪ್ಪ ಪುಸ್ತಕ ಬರೆದ ಪ್ರೊಫೆಸರೇ. ರಿಜಿಸ್ಟರು ಗ್ರಂಥಾಲಯದ ಸ್ವತ್ತಾದ್ದರಿಂದ ಅದನ್ನು ಎತ್ತಿಕೊಂಡು ನಾನೂ ಹೋಗಬೇಕಾಯಿತು. ಅವರು ಪ್ರಬಂಧದ ಹೊಲಿಗೆಯನ್ನು ಹೊಗಳಿ, ಆಮೇಲೆ ಕತ್ತಿ ಎತ್ತಿದರು.

"ಮುಷ್ಕರ ಆದ್ಮೇಲೆ ಯಾರೋ ಇದನ್ನ ರಿಪೇರಿ ಮಾಡಿ, ಆಗ ಈ ಕಾಗದ ಹಾಕಿರಬಹುದಲ್ವಾ? ಹಾಗಿದ್ರೆ ನಿಮ್ಮ ಪ್ರಬಂಧ ಪೂರ್ತಿ ಬಿತ್ತು."

ಮಾರ್ಗದರ್ಶಕರು ನೆಲ ನೋಡಿದರು. ಗೋಂದಕ್ಕ ರಿಜಿಸ್ಟರನ್ನು ಕಿಟಕಿಯ ಬೆಳಕಿಗೆ ಒಯ್ದು ನಡುವೆ ತೆರೆದಳು.

"ಸರ್, ಇಲ್ಲಿ ಬನ್ನಿ. ಈ ಮಡಿಕೇಲಿ ಎಷ್ಟು ತೂತಿದೆ ಎಣಿಸಿ."

"ಆರು."

"ದಾರ ಎಷ್ಟರಲ್ಲಿ ಹೋಗಿದೆ?"

"ಆರರಲ್ಲೂ."

"ಬಿಚ್ಚಿ ಮತ್ತೆ ಹೊಲಿದಿದ್ರೆ ಹಳೇ ತೂತು ಖಾಲಿ ಉಳಿಯುತ್ತೆ. ಒಬ್ಬ ಬೈಂಡರ್ ಚುಚ್ಚಿದ ತೂತಿಗೆ ಇನ್ನೊಬ್ಬ ದಬ್ಬಳ ಹಾಕಲ್ಲ ಸರ್, ನಮ್ಮ ಜಂಬ ಅದು. ಬೆನ್ನಿನ ಅಂಟೂ ಒಂದೇ ಪದರ. ಹುಟ್ಟಿದ ಮೇಲೆ ಇದರ ಹೊಲಿಗೆ ಯಾರೂ ಬಿಚ್ಚಿಲ್ಲ, ನಾನೂ ಬಿಚ್ಚಿಲ್ಲ."

ಅವರು ಕನ್ನಡಕ ಒರೆಸಿಕೊಂಡು ಇನ್ನೂ ನಾಲ್ಕೈದು ಮಡಿಕೆ ತಾವೇ ಎಣಿಸಿದರು. ಎಲ್ಲದರಲ್ಲೂ ಆರು. ಮಿಕ್ಕ ರಿಜಿಸ್ಟರುಗಳ ಚೂರೆಲ್ಲಿ ಎಂದು ಕೇಳಿದರು. ನಾನೇ ಕೆರೆದು ಬಿಸಾಕಿದೆ, ಇಪ್ಪತ್ತಮೂರನೆಯ ಪುಟದಲ್ಲಿದೆ ಎಂದಳು. ಪ್ರೊಫೆಸರು ರಿಜಿಸ್ಟರನ್ನು ಎರಡೂ ಕೈಯಿಂದ ಮುಚ್ಚಿದರು.

"ಹಾಗಾದ್ರೆ ನನ್ನ ಪುಸ್ತಕದ ನಾಲ್ಕನೇ ಅಧ್ಯಾಯ ತಿದ್ದಬೇಕಾಯ್ತಲ್ಲಮ್ಮ."

"ತಿದ್ದಿ ತನ್ನಿ ಸರ್. ರಟ್ಟು ನಾನು ಹಾಕ್ತೀನಿ."

ಪ್ರಬಂಧಕ್ಕೆ ತರಗತಿಯಲ್ಲೇ ಹೆಚ್ಚು ಅಂಕ ಬಂತು. ಹೆಸರಿಟ್ಟ ಹುಡುಗಿಯರು ಅವಳನ್ನು ಬೆಂಚಿನ ಮೇಲೆ ಹತ್ತಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರು. ಇಳಿಯಲು ಇಬ್ಬರು ಕೈ ಕೊಡಬೇಕಾಯಿತು. ತಲೆ ಚಚ್ಚಿಕೊಂಡಿದ್ದ ಮಗಳೇ ಅಂಗಡಿಯ ಬೋರ್ಡಿನಲ್ಲಿ ಹೆಸರಿನ ಮುಂದೆ ಎಂ.ಎ. ಎಂದು ಬರೆಸಿದಳು, ಹೆಸರಿಗಿಂತ ದೊಡ್ಡದಾಗಿ.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ ಗ್ರಂಥಾಲಯಕ್ಕೆ ಬಂದಳು. ಐದನೆಯ ರಿಜಿಸ್ಟರಿಗೆ ಅಳತೆ ನೋಡಿ ಮಾಡಿದ ರಟ್ಟಿನ ಪೆಟ್ಟಿಗೆ ತಂದಿದ್ದಳು. ಬೆನ್ನು ಕಾಣುವಂತೆ ಅದರ ಒಂದು ಮಗ್ಗುಲು ತೆರೆಯುತ್ತಿತ್ತು. ಮುಂದೆ ಬರುವ ಬೈಂಡರಿಗೆ, ಬೆನ್ನು ಕೆರೆಯಬೇಡಿ, ಮೊದಲು ಓದಿ ಎಂದು ಚೀಟಿ ಬರೆದು ಮುಚ್ಚಳದ ಒಳಮೈಗೆ ಅಂಟಿಸಿದಳು. ಮೇಲೆ ಕಬ್ಬಿಣದ ತೂಕ ಇಟ್ಟು, ನಾಳೆವರೆಗೆ ಎತ್ತಬೇಡಿ ಮೇಡಂ ಎಂದಳು. ಬಾಗಿಲವರೆಗೆ ಹೋದವಳು, ಗಾಳಿಗೆ ಬೇಗ ಒಣಗಿದರೆ ರಟ್ಟು ಸೊಟ್ಟಗಾಗುತ್ತದೆ ಎಂದು ತಿರುಗಿ ಬಂದು, ಫ್ಯಾನ್ ಆರಿಸಿ ಹೋದಳು.